ಮೈಕ್ ಎಂದು ಬರೆದ ತೂತು

ಹಳೆಯ ಕಂಪ್ಯೂಟರಿನ ಮುಖವನ್ನು ಎಲ್ಲರೂ ನೋಡುತ್ತಾರೆ, ಬೆನ್ನನ್ನು ನೋಡುವವರು ಕಡಿಮೆ. ನಾನು ವರ್ಷಕ್ಕೊಮ್ಮೆ ನೋಡುತ್ತೇನೆ, ಆಯುಧಪೂಜೆಯ ಹಿಂದಿನ ದಿನ. ಪೆಟ್ಟಿಗೆಯನ್ನು ಗೋಡೆಯಿಂದ ಈಚೆ ಎಳೆದು, ಜೇಡರ ಬಲೆ ತೆಗೆದು, ಸವೆದುಹೋದ ಟೂತ್ ಬ್ರಷ್ಷಿನಿಂದ ಸಂದುಗೊಂದುಗಳ ದೂಳು ಕೆದಕುವಾಗ ಅಲ್ಲಿ ಮೂರು ಪುಟ್ಟ ದುಂಡು ತೂತುಗಳು ಸಿಗುತ್ತವೆ. ಮೇಲಿನದು ನೀಲಿ, ನಡುವಿನದು ಹಸಿರು, ಕೆಳಗಿನದು ಗುಲಾಬಿ. ಈ ಬಣ್ಣಗಳು ನನಗೆ ಗೊತ್ತಾಗಿ ಎರಡು ವರ್ಷ ಆಗಿರಬಹುದು, ಅಷ್ಟೆ. ಅದಕ್ಕೆ ಮೊದಲು ಮೂರೂ ಕೆಂಪಾಗಿದ್ದವು. ನೀವು ನಗುವುದಾದರೆ ನಗಿ, ಈ ಸಲ ಒರೆಸುವಾಗ ಕೆಳಗಿನ ತೂತಿಗೆ ನಾನು ಕೈ ಮುಗಿದೆ.

ಕೆಂಪು ಮಾಡಿದವಳೂ ನಾನೇ. ನಮ್ಮ ಮನೆಯಲ್ಲಿ ಆಯುಧಪೂಜೆಗೆ ಕುಡುಗೋಲು, ಕೊಡಲಿ, ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ಎಲ್ಲಕ್ಕೂ ಕುಂಕುಮ ಇಡುವುದು ಪದ್ಧತಿ. ಶಿಕಾರಿಪುರದ ನನ್ನ ಡಿಟಿಪಿ ಅಂಗಡಿಗೆ ಕಂಪ್ಯೂಟರ್ ಬಂದ ವರ್ಷ ಅದಕ್ಕೂ ಇಡಬೇಕಲ್ಲ, ಎಲ್ಲಿ ಇಡುವುದು? ಮೊದಲ ಸಲ ಪರದೆಯ ಹಣೆಗೇ ಇಟ್ಟೆ. ಮರುದಿನ ಒಬ್ಬರ ಮದುವೆ ಕಾಗದ ಟೈಪ್ ಮಾಡುವಾಗ ವರನ ಹೆಸರಿನ ಮೇಲೆ ಕೆಂಪು ಮಚ್ಚೆ ಕುಳಿತು, ಅದು ಅಕ್ಷರವೋ ಕುಂಕುಮವೋ ತಿಳಿಯದೆ ಒದ್ದಾಡಿದೆ. ಅಪ್ಪ ನೋಡಿ, "ಹಿಂದ ಇಡವ್ವ, ದೇವ್ರಿಗೆ ಹಿಂದ ಮುಂದ ಅಂತ ಇಲ್ಲ" ಎಂದ. ಹಿಂದೆ ತಿರುಗಿಸಿ ನೋಡಿದರೆ ಒಂದರ ಕೆಳಗೆ ಒಂದು ಮೂರು ದುಂಡುಗಳು, ಕುಂಕುಮಕ್ಕೆಂದೇ ಯಾರೋ ಅಳತೆ ಮಾಡಿ ಮಾಡಿಟ್ಟ ಹಾಗಿದ್ದವು. ಅಂದಿನಿಂದ ಪ್ರತಿ ವರ್ಷ ನೀರಿನಲ್ಲಿ ಕಲಸಿದ ಕುಂಕುಮವನ್ನು ಅವುಗಳ ಅಂಚಿಗೆ ತಪ್ಪದೆ ಇಟ್ಟೆ. ಹೋದ ವರ್ಷದ್ದು ಒಣಗಿದ ಮೇಲೆ ಈ ವರ್ಷದ್ದು.

ಹದಿನೈದು ವರ್ಷಕ್ಕೂ ಮಿಕ್ಕಿ ದುಡಿದು ಅದು ನಿಧಾನವಾದಾಗ ಅಂಗಡಿಗೆ ಹೊಸದು ತಂದೆ. ಹಳೆಯದನ್ನು ಮಾರಲು ಮನಸ್ಸು ಬರಲಿಲ್ಲ. ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತೊಗರ್ಸಿ ಕಡೆಯ ನಮ್ಮ ಹಳ್ಳಿಗೆ ತಂದೆ. ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೆಟ್ ಕೊಡಬೇಕೋ ಅರ್ಧ ಟಿಕೆಟ್ ಕೊಡಬೇಕೋ ಎಂದು ತಮಾಷೆ ಮಾಡಿದ. ಮನೆಯಲ್ಲಿ ಹಿತ್ತಲ ಕಡೆಯ ಕಿಟಕಿಯ ಪಕ್ಕ ಮೇಜು ಹಾಕಿ ಕೂರಿಸಿದೆ. ಕಿಟಕಿಯ ಆಚೆ ಕುರಿಹಟ್ಟಿ.

ಈ ಕಂಪ್ಯೂಟರಿನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅದು ಹುಟ್ಟಾ ಮೂಗಿ. ಮದುವೆ ಕಾಗದ, ಪಹಣಿ ತಿದ್ದುಪಡಿ ಅರ್ಜಿ, ಸಂಘದ ನೋಟಿಸು, ಇದಕ್ಕೆಲ್ಲ ಸದ್ದಿನ ಕೆಲಸವೇನು? ನಾನು ಸ್ಪೀಕರನ್ನು ಕೊಳ್ಳಲೇ ಇಲ್ಲ. ಹಾಗಾಗಿ ಇಷ್ಟು ವರ್ಷ ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಹೊರೆದ ನನಗೆ ಅದಕ್ಕೆ ಸ್ಪೀಕರ್ ಸಿಕ್ಕಿಸುವುದು ಎಲ್ಲಿಗೆ ಎಂಬುದು ಗೊತ್ತಿರಲಿಲ್ಲ. ಊರವರ ಪಾಲಿಗೆ ಮಾತ್ರ ನಾನು ಕಂಪ್ಯೂಟರ್ ಮೇಡಂ.

ಈಗ ಅಪ್ಪನ ಕೂಗಿನ ವಿಷಯಕ್ಕೆ ಬರುತ್ತೇನೆ. ಎಲ್ಲ ಆದದ್ದು ಅದಕ್ಕಾಗಿಯೇ.

ಅಪ್ಪ ನಮ್ಮ ಮನೆಯಲ್ಲೇ ಇದ್ದಾನೆ. ಆಗ ಅವನ ಹತ್ತಿರ ಮೂವತ್ತು ಕುರಿಗಳ ಮಂದೆ ಇತ್ತು. ಸಂಜೆ ಕುರಿಗಳು ಬೋರೆಯ ಇಳಿಜಾರಿನಲ್ಲಿ ಚದುರಿ ಮೇಯುತ್ತಿರುವಾಗ ಅಪ್ಪ ಹಟ್ಟಿಯ ಬಾಗಿಲಲ್ಲಿ ನಿಂತು ಒಂದು ಕೂಗು ಹಾಕುತ್ತಿದ್ದ. ನಾಲಿಗೆಯನ್ನು ಅಂಗುಳಕ್ಕೆ ಮಡಿಸಿ ಮೊದಲು ಒಂದು ಗುಡುಗು, ಅದರ ಬಾಲದಲ್ಲಿ ಮೇಲೇರುವ ಒಂದು ಎಳೆತ, ಕೊನೆಗೆ ಎರಡು ತುಂಡು ಸದ್ದು. ನಾನು ಎಷ್ಟೋ ಸಲ ಅದನ್ನು ಟೈಪ್ ಮಾಡಲು ನೋಡಿದ್ದೇನೆ. ಡುರ್ರ್ ಎಂದು ಹೊಡೆದು, ರಕಾರದ ಕೆಳಗೆ ಇನ್ನೊಂದು ರಕಾರ ಸೇರಿಸಿ, ಹೋ ಎಂದು ದೀರ್ಘ ಎಳೆದೆ. ಪರದೆಯ ಮೇಲೆ ಮೂಡಿದ್ದನ್ನು ಓದಿದರೆ ಕೆಟ್ಟುನಿಂತ ಬೈಕಿನ ಸದ್ದಿನಂತೆ ಇತ್ತು. ಇಡೀ ತಾಲ್ಲೂಕಿನ ಹೆಸರುಗಳನ್ನೆಲ್ಲ ಒತ್ತು ದೀರ್ಘ ತಪ್ಪದೆ ಟೈಪ್ ಮಾಡಿದವಳಿಗೆ ಅಪ್ಪನ ಆ ಒಂದು ಸದ್ದಿಗೆ ಅಕ್ಷರ ಸಿಗಲಿಲ್ಲ.

ಆ ಕೂಗಿಗೆ ಒಂದು ಕಟ್ಟಳೆ ಇದೆ. ಕರೆದ ಮೇಲೆ ಕೊಡಲೇಬೇಕು. ಒಂದೊಂದು ಕುರಿಗೂ ಹಿಡಿ ಗೋವಿನಜೋಳವೋ, ಒಂದಿಷ್ಟು ಸೊಪ್ಪೋ, ಏನೂ ಇಲ್ಲದಿದ್ದರೆ ಉಪ್ಪು ಸವರಿದ ಅಂಗೈಯೋ. ಬರಿಗೈಯಲ್ಲಿ ಕರೆಯುವುದು ಅಪ್ಪನ ಲೆಕ್ಕದಲ್ಲಿ ಸುಳ್ಳು ಹೇಳುವುದಕ್ಕಿಂತ ಕಡೆ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಗೆಳತಿಯರ ಮುಂದೆ ಜಂಬ ಕೊಚ್ಚಿಕೊಳ್ಳಲು ಅಪ್ಪನ ಕೂಗನ್ನು ಅಣಕಿಸಿದೆ. ಆಗ ನನ್ನ ಗಂಟಲಿಗೂ ಅದು ಬರುತ್ತಿತ್ತು. ಕುರಿಗಳು ದೂಳೆಬ್ಬಿಸಿಕೊಂಡು ಓಡಿ ಬಂದವು. ಬಂದು ನನ್ನ ಲಂಗವನ್ನು ಮೂಸಿದವು. ಗೆಳತಿಯರು ಚಪ್ಪಾಳೆ ತಟ್ಟಿದರು. ಹಿಂದಿನಿಂದ ಅಪ್ಪ ಬಂದ. ಬಯ್ಯಲಿಲ್ಲ. "ಕರದೀಯಲ್ಲ, ಈಗ ಕೊಡು" ಎಂದ. ನನ್ನ ಹತ್ತಿರ ಇದ್ದದ್ದು ಲಂಗದ ಮಡಿಲಿನಲ್ಲಿದ್ದ ಹುರಿದ ಶೇಂಗಾ ಮಾತ್ರ. ಅದನ್ನೆಲ್ಲ ಹಂಚಿದೆ. ಸಾಲಲಿಲ್ಲ. ಸಂಜೆಯವರೆಗೆ ಅಪ್ಪನ ಜೊತೆ ಬೇಲಿ ಸುತ್ತಿ ಸೊಪ್ಪು ಮುರಿದು ಕೊನೆಯ ಮರಿಯ ಬಾಯಿಗೆ ಇಡುವ ಹೊತ್ತಿಗೆ ಕೈಯೆಲ್ಲ ಮುಳ್ಳು. ಶೇಂಗಾ ಹೋದ ದುಃಖಕ್ಕೆ ಅತ್ತೆನೇ ಹೊರತು ತಪ್ಪು ಮಾಡಿದೆ ಎಂದು ಅಳಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಮನುಷ್ಯರನ್ನು ಕರೆಯುವಾಗಲೂ ಅವನು ಹಾಗೆಯೇ. ಅಂಗಳದಿಂದ "ಸಣ್ಣವ್ವಾ" ಎಂದು ಅವನು ಕರೆದು ನಾನು ಹೋದರೆ ಕೈಯಲ್ಲಿ ಏನಾದರೂ ಇರುತ್ತಿತ್ತು. ಕಾರೆಹಣ್ಣು, ಗಿಳಿಯ ಪುಕ್ಕ, ಕೆಲವೊಮ್ಮೆ ಬರೀ ಒಂದು ನುಣುಪಾದ ಕಲ್ಲು. ಸುಮ್ಮನೆ ಕರೆದೆ ಎಂದು ಅವನು ಹೇಳಿದ್ದು ನನಗೆ ನೆನಪಿಲ್ಲ.

ಅಂಥ ಅಪ್ಪನ ಮಾತು ಎರಡು ವರ್ಷದ ಹಿಂದೆ ಒಡೆಯತೊಡಗಿತು. ಶಿವಮೊಗ್ಗದಲ್ಲಿ ತೋರಿಸಿದೆವು. ಗಂಟಲೊಳಗೆ, ಸ್ವರ ಹೊರಡುವ ಜಾಗದಲ್ಲಿ ಗಂಟು. ಕೆಟ್ಟ ಗಂಟಲ್ಲ, ಆದರೆ ತೆಗೆಯಬೇಕು ಎಂದರು ಡಾಕ್ಟರು. "ಆಮೇಲೆ ಮಾತು ಬರತ್ತೆ ಅಮ್ಮ, ಮೆಲ್ಲಗೆ ಬರತ್ತೆ. ಆದ್ರೆ ಇನ್ನು ಕೂಗೋ ಹಂಗಿಲ್ಲ" ಎಂದು ನನಗೆ ಹೇಳಿದರು. ಅಪ್ಪ ಪಕ್ಕದಲ್ಲೇ ಕೂತಿದ್ದ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಆಚೆ ನೋಡುತ್ತಲೇ ಇದ್ದು, ಶಿಕಾರಿಪುರ ಹತ್ತಿರವಾದಾಗ, "ಕುರಿ ಯಾರ ಮಾತು ಕೇಳ್ತಾವ?" ಎಂದು ಕೇಳಿದ. ಆಪರೇಷನ್ನಿಗೆ ಹನ್ನೆರಡು ದಿನ ಇತ್ತು. ದಿನಕ್ಕೊಂದರಂತೆ ಹನ್ನೆರಡು ಕೂಗು ಉಳಿದಿವೆ ಎಂದು ನಾನು ಮನಸ್ಸಿನಲ್ಲೇ ಎಣಿಸಿದೆ.

ಕುರಿ ನೋಡಿಕೊಳ್ಳುವವರು ಯಾರು? ನನಗೆ ಅಂಗಡಿ. ನಮ್ಮ ಯಜಮಾನರಿಗೆ ಕುರಿಯ ಉಣ್ಣೆ ಕಂಡರೆ ಸೀನು ಶುರುವಾಗಿ ಒಂದೇ ಉಸಿರಿಗೆ ಹದಿನಾಲ್ಕರವರೆಗೆ ಹೋಗುತ್ತದೆ. ಕೊನೆಗೆ ಅಕ್ಕನೇ ಮುಂದೆ ಬಂದಳು. ನೀಲಕ್ಕನನ್ನು ಸೊರಬದ ಕಡೆ ಕುಪ್ಪಗಡ್ಡೆಗೆ ಕೊಟ್ಟು ಇಪ್ಪತ್ತೈದು ವರ್ಷವಾಗಿದೆ. "ಎಂತಕ್ಕೆ ಯೋಚ್ನೆ ಮಾಡ್ತ್ಯೇ? ನಾನು ನೋಡ್ಕಳ್ತೀನಿ ಬಿಡು. ನಮ್ಮಲ್ಲಿ ಗದ್ದೆ ಕೊಯ್ಲಾದ್ರೆ ಬೇಕಾದಷ್ಟು ಕೂಳೆ ಇರತ್ತೆ, ಮೇಯ್ತಾವೆ" ಎಂದು ಫೋನಿನಲ್ಲೇ ತೀರ್ಮಾನ ಮಾಡಿ, ಕುರಿಗಳ ಪರಿಚಯ ಮಾಡಿಕೊಳ್ಳಲು ಬಂದು ಇಳಿದಳು.

ಪರಿಚಯವೇನೋ ಆಯಿತು. ಅವಳ ಕೈಯಿಂದ ತಿಂದವು, ಅವಳ ಹೊಸ ಸೀರೆಯ ಅಂಚನ್ನೂ ತಿಂದವು. ಕರೆದರೆ ಮಾತ್ರ ಬರಲಿಲ್ಲ. ಅವಳು ಹಟ್ಟಿಯ ಬಾಗಿಲಲ್ಲಿ ನಿಂತು ಕೂಗು ಹಾಕಿದರೆ ಕುರಿಗಳು ಒಮ್ಮೆ ತಲೆಯೆತ್ತಿ ನೋಡಿ, ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತಿದ್ದವು.

"ಅಕ್ಕಾ, ಇಪ್ಪತ್ತೈದು ವರ್ಷ ಎಂತ ಎಂತ ಅಂದು ನಿನ್ ನಾಲಿಗೆ ಸೊರಬದ್ದಾಗೇತಿ. ನಮ್ ಕುರಿಗೆ ತಿಳಿಯಂಗಿಲ್ಲ" ಎಂದು ನಾನು ಕಾಡಿಸಿದೆ.

"ಹಂಗಾರೆ ನೀನೇ ಕರಿ ನೋಡನ" ಎಂದಳು.

ನಾನು ಕರೆದೆ. ಕುರಿಗಳು ತಲೆಯನ್ನೂ ಎತ್ತಲಿಲ್ಲ. ಎರಡನೇ ಕ್ಲಾಸಿನ ಗಂಟಲು ಯಾವಾಗ ಹೋಯಿತೋ ನನಗೇ ಗೊತ್ತಿಲ್ಲ.

ಆಗ ಹೊಳೆದದ್ದು ರೆಕಾರ್ಡಿಂಗ್. ಅಪ್ಪನ ಕೂಗನ್ನು ಹಿಡಿದಿಟ್ಟುಕೊಂಡರೆ ಅಕ್ಕ ಕೇಳಿ ಕೇಳಿ ಕಲಿಯಬಹುದು, ಕಲಿಯಲಾಗದಿದ್ದರೆ ಅದನ್ನೇ ಹಾಕಿ ಕುರಿಗಳನ್ನು ಕರೆಯಬಹುದು. ಮೊಬೈಲ್ ಹಿಡಿದು ಅಪ್ಪನ ಮುಂದೆ ಕೂತೆ. ಅಪ್ಪ ಮೊಬೈಲನ್ನೂ ನನ್ನನ್ನೂ ನೋಡಿದ.

"ಇಲ್ಲಿ ಕುರಿ ಎಲ್ಲೈತಿ?"

"ಕುರಿ ಇಲ್ಲಪ್ಪಾ. ಸುಮ್ನ ಒಂದ್ಸಲ ಕೂಗು, ಸಾಕು."

"ಸುಮ್ನ ಕರಿಬಾರ್ದವ್ವ. ಕರದ ಮ್ಯಾಲ ಕೊಡಬೇಕು. ಈ ಪೆಟ್ಟಿಗಿಗೆ ಏನ್ ಕೊಡ್ಲಿ? ಜೋಳ ತಿಂತತೇನು ಇದು?"

ಅವನು ತಮಾಷೆ ಮಾಡುತ್ತಿರಲಿಲ್ಲ. ಮರುದಿನವೂ ಕೇಳಿದೆ, ಅದೇ ಉತ್ತರ. ಸಂಜೆ ನಿಜವಾಗಿ ಕರೆಯುವಾಗ ಹತ್ತಿರ ಹೋದರೆ ಮೊಬೈಲ್ ಕಂಡೊಡನೆ ಅವನ ಬಾಯಿಗೆ ಬೀಗ ಬೀಳುತ್ತಿತ್ತು. ಅಕ್ಕ ಕೊನೆಗೆ ಮೊಬೈಲನ್ನು ಸೆರಗಿನೊಳಗೆ ಗಂಟು ಹಾಕಿಕೊಂಡು, ಸಗಣಿ ಬಾಚುವ ನೆಪದಲ್ಲಿ ಅವನ ಹತ್ತಿರ ಸುಳಿದಾಡಿ ಬಂದಳು. ಕಳ್ಳತನದ ಆ ರೆಕಾರ್ಡಿಂಗಿನಲ್ಲಿ ಅವಳ ಬಳೆಯ ಸದ್ದು, ಏದುಸಿರು, ಒಂದು ಕಾಗೆ ಇದ್ದವು. ಎಲ್ಲೋ ತಳದಲ್ಲಿ ಅಪ್ಪನೂ ಇದ್ದಾನೆಂದು ಅವಳ ವಾದ. ಮೊಬೈಲಿನ ಸಣ್ಣ ಗಂಟಲಲ್ಲಿ ತಿಳಿಯುವುದಿಲ್ಲ, ಕಂಪ್ಯೂಟರಿಗೆ ಹಾಕಿ ದೊಡ್ಡ ಸ್ಪೀಕರಿನಲ್ಲಿ ಕೇಳೋಣ ಎಂದು ನಾನೇ ಹೇಳಿದೆ. ಕಂಪ್ಯೂಟರ್ ಮೇಡಂ ಅಲ್ಲವೇ!

ಸ್ಪೀಕರ್ ಇತ್ತು. ಅಕ್ಕನ ಮದುವೆಯಲ್ಲಿ ಅಪ್ಪ ಕೊಟ್ಟಿದ್ದ ಟೇಪ್ ರೆಕಾರ್ಡರ್ ಸೆಟ್ಟಿನ ಎರಡು ಮರದ ಡಬ್ಬಿಗಳು. ಸೆಟ್ಟು ಸತ್ತು ಎಷ್ಟೋ ವರ್ಷ ಆಗಿತ್ತು, ಡಬ್ಬಿಗಳು ಮಾತ್ರ ಕುಪ್ಪಗಡ್ಡೆಯ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿಗೆ ಮಣೆಯಾಗಿದ್ದವು. ಅಕ್ಕ ಮನೆಗೆ ಹೋಗಿ ಅವನ್ನು ಹಿಡಿದುಕೊಂಡು, ಬರುವ ದಾರಿಯಲ್ಲಿ ಸೊರಬದಲ್ಲಿ ಇಳಿದು, ರೇಡಿಯೊ ರಿಪೇರಿಯ ಬುಡನ್ ಸಾಹೇಬರಿಂದ ಅವುಗಳ ವೈರಿಗೆ ಕಂಪ್ಯೂಟರಿನ ಪಿನ್ನು ಬೆಸುಗೆ ಹಾಕಿಸಿಕೊಂಡು ಬಂದಳು. ಸಾಹೇಬರು ಏನೋ ಎಚ್ಚರಿಕೆಯನ್ನೂ ಹೇಳಿದ್ದರಂತೆ. ಬಸ್ಸು ಬಂದ ಗಡಿಬಿಡಿಯಲ್ಲಿ ಅವಳು ಕೇಳಿಸಿಕೊಂಡಿರಲಿಲ್ಲ.

ಡಬ್ಬಿಗಳನ್ನು ಕಿಟಕಿಯ ಹಲಗೆಯ ಮೇಲೆ ಇಟ್ಟೆವು. ಮೇಜಿನ ಮೇಲೆ ಜಾಗವಿರಲಿಲ್ಲ, ವೈರೂ ಮೋಟು. ನಾನು ಪಿನ್ನು ಹಿಡಿದು ಕಂಪ್ಯೂಟರಿನ ಬೆನ್ನಿಗೆ ಬಗ್ಗಿದೆ. ಮೂರೂ ತೂತು ಕುಂಕುಮಮಯ. ಬಣ್ಣ ನೋಡಿ ಸಿಕ್ಕಿಸುವುದು ಎಂದು ಎಲ್ಲೋ ಓದಿದ್ದೆ, ಇಲ್ಲಿ ಇದ್ದದ್ದು ಒಂದೇ ಬಣ್ಣ. ಪಕ್ಕದ ತಗಡಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ ಕೊರೆದಿದ್ದರು. ಕನ್ನಡಕ ಏರಿಸಿ ಓದಿದೆ. ಒಂದರ ಪಕ್ಕ ಲೈನ್ ಇನ್, ಇನ್ನೊಂದರ ಪಕ್ಕ ಲೈನ್ ಔಟ್. ಲೈನ್ ಎಂದರೆ ನಮ್ಮ ಕಡೆ ಕರೆಂಟು. ಲೈನ್ ಹೋಯ್ತು, ಲೈನ್ ಬಂತು, ಲೈನ್ ಮೇಲೆ ಮರ ಬಿತ್ತು ಎನ್ನುವವರು ನಾವು. ಅದರ ತಂಟೆ ಬೇಡವೆಂದು ಕೈ ಹಿಂದೆಗೆದೆ. ಮೂರನೆಯದರ ಪಕ್ಕ ಮೈಕ್ ಎಂದು ಬರೆದಿತ್ತು. ಸಮಾಧಾನವಾಯಿತು. ಮದುವೆ ಮನೆಯಲ್ಲಿ ಮೈಕ್ ಹಾಕಿದ್ದಾರೆ ಎಂದರೆ ಅದು ಕೂಗುವ ಮೈಕು. ತೆಂಗಿನ ಮರಕ್ಕೆ ಕಟ್ಟಿ ಮೂರು ಊರಿನ ನಿದ್ದೆ ಕೆಡಿಸುವುದು ಮೈಕು. ಕೂಗುವ ಡಬ್ಬಿಯನ್ನು ಮೈಕ್ ಎಂದು ಬರೆದ ತೂತಿಗಲ್ಲದೆ ಇನ್ನೆಲ್ಲಿಗೆ ಸಿಕ್ಕಿಸುವುದು ಹೇಳಿ? ಒತ್ತಿದೆ, ಕಟ್ ಎಂದು ಕೂತಿತು.

ಸದ್ದು ಬರಲಿಲ್ಲ. ಸೌಂಡಿನ ಪ್ರೋಗ್ರಾಮ್ ತೆರೆದು ಮೈಕ್ ಎಂದು ಎಲ್ಲೆಲ್ಲಿ ಬರೆದಿತ್ತೋ ಅಲ್ಲೆಲ್ಲ ಗೆರೆಯನ್ನು ತುದಿ ಮುಟ್ಟಿಸಿದೆ. ಆಗಲೂ ಇಲ್ಲ. ತ್ರಿಕೋನದ ಗುಂಡಿ ಒತ್ತಿದೆ, ಚೌಕದ್ದು ಒತ್ತಿದೆ. ಕೊನೆಗೆ ಕೆಂಪು ದುಂಡಿನ ಗುಂಡಿ ಒತ್ತಿದೆ, ಕೆಂಪು ದುಂಡು ಕಂಡರೆ ಒಳ್ಳೆಯದೇ ಆಗುತ್ತದೆಂಬ ಅಭ್ಯಾಸ ನಮ್ಮದು. ಡಬ್ಬಿ ಬಾಯಿ ಬಿಡಲಿಲ್ಲ.

"ಉಪ್ಪಿನಕಾಯಿ ಜಾಡಿ ಹೊತ್ತು ಹೊತ್ತು ಇದ್ಕೆ ಮಾತೇ ಮರ್ತೋಗದೆ" ಎಂದಳು ಅಕ್ಕ. ಇಬ್ಬರೂ ಸೋತು ಅಡುಗೆಮನೆಗೆ ಹೋಗಿ ಚಹಾ ಇಟ್ಟು, ಮಂಡಕ್ಕಿ ಒಗ್ಗರಣೆ ಹಾಕಿಕೊಂಡು ಕೂತೆವು. ಅಪ್ಪನನ್ನು ಬಿಟ್ಟುಹೋಗುವ ಕೂಗಿನ ಚಿಂತೆಯಲ್ಲೂ ಮಂಡಕ್ಕಿ ಎರಡೆರಡು ತಟ್ಟೆ ಖಾಲಿಯಾಯಿತು. ಹೊರಗೆ ಸಂಜೆ ಇಳಿದಿತ್ತು. ಕುರಿಗಳು ಬಂದ ಗದ್ದಲ ಕೇಳಿಸಿತು, ನಾವು ಏಳಲಿಲ್ಲ.

ವಾಪಸು ಬಂದಾಗ ಪರದೆಯ ಮೇಲೆ ಒಂದು ಗೆರೆ ಸರಿಯುತ್ತಾ ಹೋಗುತ್ತಿತ್ತು. ಹೆಚ್ಚು ಕಡಿಮೆ ಸಪಾಟಾದ ಗೆರೆ. ನಾನು ಬಗ್ಗಿ ನೋಡುತ್ತಿದ್ದೆ. ಹಿಂದಿನಿಂದ ಅಕ್ಕ, "ಎಂತದೇ ಇದು?" ಎಂದಳು. ಗೆರೆ ಎದ್ದು ಕುಣಿಯಿತು. ಅವಳು ಸುಮ್ಮನಾದಳು, ಗೆರೆ ಮಲಗಿತು.

"ಅಕ್ಕಾ, ಇನ್ನೊಂದ್ಸಲ ಮಾತಾಡು."

"ಎಂತ ಮಾತಾಡ್ಲಿ?"

ಮತ್ತೆ ಎದ್ದಿತು. ನಾನು ಹೂಂ ಎಂದೆ, ಸಣ್ಣಗೆ ಎದ್ದಿತು. ಕಿಟಕಿಯ ಹತ್ತಿರ ಹೋಗಿ ಡಬ್ಬಿಯ ಜಾಲರಿಯ ಮೇಲೆ ಉಗುರಿನಿಂದ ಗೀಚಿದೆ. ಪರದೆಯ ತುಂಬ ಮುಳ್ಳೆದ್ದಿತು. ನನ್ನ ಮೈಯ ಮೇಲೂ ಎದ್ದಿತು. ಮೈಕ್ರೊಫೋನ್ ಎಂಬುದೇ ಇಲ್ಲದ ಮನೆ ಅದು. ಇದ್ದದ್ದು ಅಕ್ಕನ ಮದುವೆಯ ಸ್ಪೀಕರ್ ಡಬ್ಬಿ ಮಾತ್ರ. ಅದು ನಮ್ಮ ಮಾತನ್ನು ಕೇಳಿಸಿಕೊಳ್ಳುತ್ತಿತ್ತು.

ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡಳು. ಮಾತಾಡಿದರೆ ಅದು ಕೇಳಿಸಿಕೊಳ್ಳುತ್ತದಲ್ಲ ಎಂಬ ಸಂಕೋಚ. ಕೊನೆಗೆ ನಾನು ಹೊರಗೆ ಜಗಲಿಗೆ ಹೋಗಿ ಬುಡನ್ ಸಾಹೇಬರಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ವಯಸ್ಸಾದವರು, ಐವತ್ತು ವರ್ಷ ರೇಡಿಯೊ ಬಿಚ್ಚಿದವರು.

"ಏನೂ ಹಾಳಾಗಿಲ್ಲ ಬಿಡ್ರೀ ಅಮ್ಮ. ಸ್ಪೀಕರ್ ಒಳಗೆ ಒಂದು ಕಾಗದ ಇರ್ತದೆ, ಒಂದು ಅಯಸ್ಕಾಂತ, ಒಂದು ತಂತಿ ಸುರುಳಿ. ತಂತಿಗೆ ಕರೆಂಟ್ ಕೊಟ್ರೆ ಕಾಗದ ನಡುಗ್ತದೆ, ಮಾತು ಬರ್ತದೆ. ನೀವು ಅದ್ರ ಮುಂದೆ ಮಾತಾಡಿದ್ರೂ ಕಾಗದ ನಡುಗ್ತದೆ, ಆಗ ತಂತೀಲಿ ಕರೆಂಟ್ ಹುಟ್ಟಿ ವಾಪಸ್ ಹೋಗ್ತದೆ. ಬಾಯಿನೂ ಅದೇ, ಕಿವಿನೂ ಅದೇ. ನೀವು ಕಿವಿ ತೂತಿಗೆ ಹಾಕಿದೀರಿ, ಅದು ಕೇಳ್ತಾ ಕೂತಿದೆ."

"ಅಲ್ರೀ ಸಾಹೇಬ್ರೇ, ಸೆಟ್ಟು ಕೆಡೋತನಕ ಅದು ಹಾಡಿದ್ದೇ ಹಾಡಿದ್ದು. ಕೇಳಾಕೂ ಬರ್ತಿತ್ತೇನು ಅದಕ?"

"ಬರ್ತಿತ್ತಮ್ಮ. ಯಾರೂ ಕೇಳಿಸ್ಲಿಲ್ಲ ಅಷ್ಟೆ."

ಫೋನ್ ಇಟ್ಟ ಮೇಲೂ ನಾನು ಜಗಲಿಯಲ್ಲೇ ನಿಂತಿದ್ದೆ. ಅಕ್ಕನ ಮನೆಯಲ್ಲಿ ಇಷ್ಟು ವರ್ಷ ಇದ್ದ ಒಂದು ಸಾಮಾನಿನ ಬಗ್ಗೆ ಏನೂ ತಿಳಿಯದೆ ಇದ್ದೆವಲ್ಲ ಎಂದು ಬೆರಗಾಯಿತು. ಉಪ್ಪಿನಕಾಯಿ ಜಾಡಿಯ ಕೆಳಗೆ ಕೂತು ಅಕ್ಕನ ಸಂಸಾರದ ಮಾತಿಗೆಲ್ಲ ಆ ಕಾಗದ ನಡುಗಿರಬೇಕು. ಬಯ್ಗುಳಕ್ಕೂ ನಡುಗಿರಬೇಕು. ಹಾಗೆ ಯೋಚಿಸುತ್ತಿರುವಾಗ ನನಗೆ ಇನ್ನೊಂದು ಹೊಳೆದು ಒಳಗೆ ಓಡಿದೆ. ಕೆಂಪು ಗುಂಡಿ ಒತ್ತಿದಾಗಿನಿಂದ ಅದು ಕೇಳುತ್ತಾ ಕೂತಿದೆ. ಕಿಟಕಿಯ ಮೇಲೆ. ನಾವು ಮಂಡಕ್ಕಿ ತಿನ್ನುವಾಗ ಕುರಿಗಳು ಬಂದಿವೆ.

ಗೆರೆಯನ್ನು ಹಿಂದಕ್ಕೆ ಎಳೆದೆ. ಸಪಾಟು, ಸಪಾಟು, ಸಪಾಟು. ಆಮೇಲೆ ಒಂದು ಕಡೆ ದಪ್ಪನೆಯ ಗುಡ್ಡ, ಅದಕ್ಕೆ ಅಂಟಿಕೊಂಡು ಉದ್ದ ಏರು, ಕೊನೆಯಲ್ಲಿ ಎರಡು ತುಂಡು. ಕೇಳುವ ಮೊದಲೇ ನನಗೆ ಗೊತ್ತಾಯಿತು. ನಾನು ಟೈಪ್ ಮಾಡಲಾರದೆ ಸೋತಿದ್ದ ಸದ್ದನ್ನು ಆ ಮೂಗಿ ಯಂತ್ರ ತನ್ನದೇ ಅಕ್ಷರದಲ್ಲಿ ಬರೆದಿಟ್ಟಿತ್ತು. ಕಣ್ಣು ತುಂಬಿ ಬಂತು, ಬರಲಿ ಎಂದು ಬಿಟ್ಟೆ.

ಸೇಫ್ಟಿ ಪಿನ್ನಿನಿಂದ ನಡುವಿನ ತೂತಿನ ಕುಂಕುಮ ಕೆರೆದೆ. ವರ್ಷ ವರ್ಷದ ಪದರ ಉದುರಿ ಒಳಗಿನಿಂದ ಎಳೆ ಹಸಿರು ಬಣ್ಣ ಕಂಡಿತು. ಮಾತಾಡಿಸಲು ಲೈನ್ ಔಟ್ ಎಂದಿರುವ ಹಸಿರು ತೂತಿಗೆ ಹಾಕಬೇಕೆಂದು ಸಾಹೇಬರು ಫೋನಿನಲ್ಲೇ ಹೇಳಿದ್ದರು. ಪಿನ್ನು ಕಿತ್ತು ಅಲ್ಲಿಗೆ ಒತ್ತಿ ತ್ರಿಕೋನದ ಗುಂಡಿ ಮುಟ್ಟಿದೆ. ಈಗ ಅದೇ ಡಬ್ಬಿ ಬಾಯಿಯಾಯಿತು, ಆದರೆ ಸೊಳ್ಳೆಯ ಸ್ವರ. ಅಕ್ಕ ಬಸ್ಸಿನ ಗಡಿಬಿಡಿಯಲ್ಲಿ ಬಿಟ್ಟುಬಂದಿದ್ದ ಎಚ್ಚರಿಕೆ ಇದೇ ಇರಬೇಕು. ಅಂಥ ಹಳೆಯ ಡಬ್ಬಿಗೆ ಬಲ ಕೊಡಲು ಆಂಪ್ಲಿಫೈಯರ್ ಬೇಕು, ಬರೀ ಕಂಪ್ಯೂಟರಿನ ಉಸಿರು ಸಾಲದು. ನಾವು ಆ ಡಬ್ಬಿಗೊಂದು ಈ ಡಬ್ಬಿಗೊಂದು ಕಿವಿ ಅಂಟಿಸಿ ಕೂತೆವು. ಬಹಳ ದೂರದ ಬೋರೆಯ ಮೇಲಿಂದ ಅಪ್ಪ ಕರೆಯುತ್ತಿದ್ದ. ಹಿಂದೆ ಕುರಿಗಳ ಗೊರಸು, ಬೋಗುಣಿಗೆ ಜೋಳ ಸುರಿದ ಸದ್ದು. ಸುಳ್ಳು ಕರೆಯಲ್ಲ, ಕರೆದು ಕೊಟ್ಟದ್ದೂ ಅದರಲ್ಲೇ ಇತ್ತು.

ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಅಳಿಸಿಹಾಕು ಎಂದಾನು ಎಂಬ ಹೆದರಿಕೆ. ಉಳಿದ ದಿನಗಳಲ್ಲಿ ಅವನು ಸಂಜೆ ಕರೆಯುವಾಗಲೆಲ್ಲ ಕಳ್ಳಿಯ ಹಾಗೆ ಒಳಗೆ ನಿಂತು ಕೇಳಿದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಒಂದು ತಿಂಗಳು ಪಿಸುಮಾತು ಕೂಡ ಆಡಬಾರದೆಂದು ಹೇಳಿ ಕಳಿಸಿದರು. ಅಪ್ಪ ಸನ್ನೆಯಲ್ಲೇ ಚಹಾ ಕೇಳಿದ, ಸನ್ನೆಯಲ್ಲೇ ಸಕ್ಕರೆ ಕಡಿಮೆ ಎಂದ. ಸಂಜೆಯಾದರೆ ಮಾತ್ರ ಕಂಬಳಿ ಹೊದ್ದು ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. ಅಕ್ಕ ಕರೆದು ಕರೆದು ಸೋತು ಕುರಿಗಳನ್ನು ಒಂದೊಂದಾಗಿ ಅಟ್ಟಿಕೊಂಡು ಬರುವ ಗಲಾಟೆ ಅವನ ಕಿವಿಗೆ ಬೀಳುತ್ತಿತ್ತು.

ಕುರಿಗಳನ್ನು ಕುಪ್ಪಗಡ್ಡೆಗೆ ಒಯ್ಯುವ ದಿನ ಬಂತು. ಅಕ್ಕ ಊರಿಗೆ ಹೋಗಿ ಏರ್ಪಾಡು ಮಾಡಿ ಬರುವಾಗ ಸಾಹೇಬರು ಜೋಡಿ ಸ್ಪೀಕರ್ ಕೊಟ್ಟು ಕಳಿಸಿದ್ದರು, ತನ್ನ ಬಲ ತಾನೇ ಒಳಗೆ ಇಟ್ಟುಕೊಂಡಿರುವ, ಈ ಕಂಪ್ಯೂಟರಿಗೆ ಹೊಂದುವ ಜಾತಿಯವು. ಪ್ಲಗ್ಗು ಗೋಡೆಗೆ, ಪಿನ್ನು ಹಸಿರು ತೂತಿಗೆ. ಹಾಗೆ ಸಿಕ್ಕಿಸಿ ಕಿಟಕಿಯ ಮೇಲೆ ಇಟ್ಟಿದ್ದೆನೇ ಹೊರತು ಹಾಕುವ ಧೈರ್ಯ ಬಂದಿರಲಿಲ್ಲ. ಆ ಬೆಳಿಗ್ಗೆ ಬಾಡಿಗೆಯ ಗೂಡ್ಸ್ ಗಾಡಿ ಬಂದು ಹಾರ್ನ್ ಮಾಡಿದ್ದೇ ತಡ, ಹಟ್ಟಿಯ ಬಾಗಿಲಲ್ಲಿದ್ದ ಕುರಿಗಳು ಬೆದರಿ ಬೋರೆಯ ತುಂಬ ಚೆಲ್ಲಾಪಿಲ್ಲಿಯಾದವು. ದೊಡ್ಡ ಟಗರು ಪಕ್ಕದವರ ಜೋಳದ ಹೊಲಕ್ಕೆ ನುಗ್ಗಿತು. ಅಕ್ಕ ಕೂಗಿದಳು, ನಾನು ಕೂಗಿದೆ. ಅಂಗಳದಲ್ಲಿ ಕೂತಿದ್ದ ಅಪ್ಪ ಎದ್ದು ನಿಂತ. ಕತ್ತಿನ ನರ ಉಬ್ಬಿತು, ಬಾಯಿ ತೆರೆಯಿತು. ನಾಲಿಗೆ ಮಡಿಸಿದ್ದೂ ನನಗೆ ಕಂಡಿತು. ಸದ್ದು ಬರಲಿಲ್ಲ. ಅವನು ಬಾಯಿ ಮುಚ್ಚಿ ನೆಲ ನೋಡಿದ.

ಅದನ್ನು ನೋಡಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ. ಒಳಗೆ ಓಡಿ ಸದ್ದಿನ ಗೆರೆಯನ್ನು ತುದಿಗೆ ಎಳೆದು ಗುಂಡಿ ಒತ್ತಿದೆ.

ಕಿಟಕಿಯಿಂದ ಅಪ್ಪ ಕರೆದ. ಗಂಟು ಕಟ್ಟುವ ಮೊದಲಿನ ಗಂಟಲೇನಲ್ಲ, ಸ್ವಲ್ಪ ಒಡಕಿತ್ತು, ಆದರೂ ಇಡೀ ಬೋರೆ ತುಂಬಿತು. ಕುರಿಗಳು ಎಲ್ಲೆಲ್ಲಿದ್ದವೋ ಅಲ್ಲಲ್ಲೇ ನಿಂತವು. ಮೂವತ್ತು ತಲೆ ಒಟ್ಟಿಗೆ ಮನೆಯ ಕಡೆ ತಿರುಗಿದವು. ಆಮೇಲೆ ಓಡಿ ಬಂದವು ನೋಡಿ! ಟಗರು ಬಾಯಿಯಲ್ಲಿ ಜೋಳದ ಗರಿ ಕಚ್ಚಿಕೊಂಡೇ ಬಂತು. ಬಂದು ಕಿಟಕಿಯ ಕೆಳಗೆ ಒತ್ತೊತ್ತಾಗಿ ನಿಂತು ಮುಖ ಮೇಲೆತ್ತಿದವು. ಗಾಡಿಯವನು ಸ್ಟೀರಿಂಗ್ ಬಿಟ್ಟು ಇಳಿದು ನಿಂತ. ಅಕ್ಕ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ನಾನು ಕಿಟಕಿಯ ಸರಳು ಹಿಡಿದು ಅಪ್ಪನನ್ನು ನೋಡಿದೆ. ಅವನು ತನ್ನ ಕೂಗನ್ನು ಹೊರಗಿನಿಂದ ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಕಿಟಕಿಯನ್ನೇ ನೋಡುತ್ತಾ ಬಹಳ ಹೊತ್ತು ನಿಂತ. ನಾನು ಮತ್ತೆ ಶೇಂಗಾ ಕಳೆದುಕೊಂಡ ಹುಡುಗಿಯಾದೆ. ಕೇಳದೆ ಕರೆಸಿದ್ದೇನೆ, ನನ್ನ ಕೈ ಬರಿದಾಗಿದೆ.

ಅಪ್ಪ ಒಳಗೆ ಬಂದು, ನನ್ನನ್ನು ದಾಟಿ ಹೋಗಿ, ಮೂಲೆಯ ಚೀಲದಿಂದ ಬೋಗುಣಿ ತುಂಬ ಗೋವಿನಜೋಳ ತೋಡಿಕೊಂಡು ಹೊರಗೆ ಹೋದ. ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಒಂದೊಂದು ಕುರಿಯ ಬಾಯಿಗೂ ಹಿಡಿ ಹಿಡಿ ಕೊಟ್ಟ. ಅರ್ಧ ಆದ ಮೇಲೆ ಅಕ್ಕನನ್ನು ಕೈಸನ್ನೆಯಿಂದ ಹತ್ತಿರ ಕರೆದು, ಅವಳ ಅಂಗೈಯಲ್ಲಿ ಜೋಳ ಸುರಿದು, ಬೆರಳುಗಳನ್ನು ತಾನೇ ಮಡಿಸಿ, ಕಿಟಕಿಯ ಕಡೆ ತೋರಿಸಿದ. ಅಕ್ಕ ತಲೆಯಾಡಿಸಿದಳು. ಆ ಕೂಗನ್ನು ಅವಳ ಮೊಬೈಲಿಗೆ ಹಾಕಿಕೊಟ್ಟೆ, ಜೋಡಿ ಸ್ಪೀಕರನ್ನೂ ಅವಳೇ ಒಯ್ದಳು. ಈಗಲೂ ಕುಪ್ಪಗಡ್ಡೆಯಲ್ಲಿ ಅವಳು ಬೋಗುಣಿ ಕೈಗೆ ತಗೊಂಡ ಮೇಲೆಯೇ ಅಪ್ಪನ ಕೂಗಿನ ಗುಂಡಿ ಒತ್ತುವುದು.

ಕೊನೆಯ ಮರಿಯೂ ತಿಂದಾಯಿತು. ಬೋಗುಣಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಅಪ್ಪ ಅದನ್ನು ಹಿಡಿಯಲ್ಲಿ ಬಾಚಿಕೊಂಡು ಎದ್ದ. ನನಗೆ ಕೊಡುತ್ತಾನೇನೋ ಎಂದು ನಾನು ಸರಳಿನಿಂದಾಚೆ ಕೈ ಚಾಚಿದೆ. ಅವನು ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕಿಟಕಿಯ ಹಲಗೆಯ ಮೇಲೆ, ಸ್ಪೀಕರಿನ ಮುಂದೆ ಆ ಹಿಡಿ ಜೋಳವನ್ನು ಇಟ್ಟ.